ಅಟ್ಟದ ಮೇಲಿನ ಕಾರ್ಡಿಗೆ ಒಂದೂವರೆ ಲಕ್ಷ?

ಇವತ್ತಿನ ಇತಿಹಾಸ ಒಂದು ತಗಡಿನ ಡಬ್ಬಿಯಿಂದ ಶುರು.

ಕುಷ್ಟಗಿಯಿಂದ ನಮ್ಮ ಚಿಕ್ಕಪ್ಪನ ಮಗ ಫೋನ್ ಮಾಡಿದ. ಅಟ್ಟದ ಮೇಲೆ ಹಳೇ ಡಬ್ಲ್ಯೂಡಬ್ಲ್ಯೂಎಫ್ ಟ್ರಂಪ್ ಕಾರ್ಡ್ ಸಿಕ್ಕಾವಂತ. ಫೋಟೊ ನೋಡಿದ ಒಬ್ಬ, "ಒಂದೂವರೆ ಲಕ್ಷ ಕೊಡ್ತೀನಿ, ಮೊದಲು ಎರಡು ಸಾವಿರ ನೋಂದಣಿ ಫೀಸ್ ಹಾಕು" ಅಂದಾನ. ಹುಡುಗ ಕಾಲೇಜ್ ಫೀಸ್ ಕಟ್ಟೋ ವಾರ ಅದು. ತಡಿ, ಮೊದಲು ನಿನ್ನ ಹತ್ರ ಇರೋದು ಏನು ನೋಡೋಣ ಅಂದೆ.

ಆಟ ನೆನಪೈತಲ್ರಿ? ಎತ್ತರ, ತೂಕ, ಎದೆ, ಬೈಸೆಪ್ಸ್, ಆಡಿದ ಪಂದ್ಯ, ಗೆದ್ದ ಪಂದ್ಯ. ಯಾರ ಅಂಕಿ ದೊಡ್ಡದೋ ಕಾರ್ಡ್ ಅವರದು. ಕೊಪ್ಪಳ, ಯಲಬುರ್ಗಾ, ಗಂಗಾವತಿ, ಎಲ್ಲಾ ಕಡೆ ಹುಡುಗರು ಹಿಂದಿನ ಬೆಂಚಿನಲ್ಲಿ ಆಡಿದ್ದೇ ಇದು.

ಅವನ ಕಾರ್ಡಿನ ಮೇಲೆ ಇಸವಿ ಇಲ್ಲ. ಹಂಗಾದ್ರೆ ಕಾಲ ಗೊತ್ತಾಗೋದು ಹೆಂಗ? ಹೆಸರಿನಿಂದ. ನಮ್ಮ ಕೊಪ್ಪಳದ ಗವಿಮಠ, ಪಾಲ್ಕಿಗುಂಡು ಶಾಸನಗಳಲ್ಲಿ ರಾಜನ ಹೆಸರು ಬರೇ 'ದೇವಾನಾಂಪ್ರಿಯ'. ಅದು ಅಶೋಕನೇ ಅಂತ ಗಟ್ಟಿಯಾಗಿದ್ದು 1915ರಲ್ಲಿ ಮಸ್ಕಿಯಲ್ಲಿ ಸಿಕ್ಕ ಶಾಸನದಿಂದ, ಅದರಲ್ಲಿ ಅಶೋಕ ಅನ್ನೋ ಹೆಸರೇ ಇತ್ತು.

ಕಾರ್ಡಿಗೂ ಅದೇ ಲೆಕ್ಕ. ಯೊಕೊಝುನಾ ಆ ಕಂಪನಿಗೆ ಬಂದಿದ್ದು 1992ರಲ್ಲಿ. ವನ್ಯಜೀವಿ ನಿಧಿಯ ಜೊತೆ ಕೋರ್ಟ್ ಜಗಳ ಆಗಿ, 2002ರ ಮೇ ತಿಂಗಳಲ್ಲಿ ಡಬ್ಲ್ಯೂಡಬ್ಲ್ಯೂಎಫ್ ಹೋಗಿ ಡಬ್ಲ್ಯೂಡಬ್ಲ್ಯೂಇ ಆಯ್ತು. ಅವನ ಕಟ್ಟಿನಲ್ಲಿ ಯೊಕೊಝುನಾ ಇದ್ದ, ಹಳೇ ಹೆಸರೂ ಇತ್ತು. ಅಂದ್ರೆ 1992ರಿಂದ 2002ರ ನಡುವಿನದು. ಅದೇ ಹಳೇ ಹೆಸರಿನ ಕೆಳಗೆ 2006ರಲ್ಲಿ ಬಂದ ದಿ ಗ್ರೇಟ್ ಖಲಿ ಇದ್ದಿದ್ರೆ? ನಕಲು ಅಂತ ಅನುಮಾನ ಪಡಬೇಕು.

ಸರಿ, ಹಳೇದು. ಆದ್ರೆ ಹಳೇದೆಲ್ಲ ತುಟ್ಟಿ ಅಲ್ರಿ. ನಾನು ಬಿ.ಕಾಂ. ಓದಿದವ, ಪೂರೈಕೆ ಮತ್ತು ಬೇಡಿಕೆ ಬಿಟ್ಟು ಮಾತಾಡೋಕೆ ಬರಲ್ಲ. ಅಮೆರಿಕದ ಟಾಪ್ಸ್ ಕಂಪನಿ 1952ರಲ್ಲಿ ಮಿಕಿ ಮ್ಯಾಂಟಲ್ ಅನ್ನೋ ಬೇಸ್‌ಬಾಲ್ ಆಟಗಾರನ ಕಾರ್ಡ್ ತಂದಿತ್ತು. ಮಾರಾಟ ಆಗದೇ ಉಳಿದ ಪೆಟ್ಟಿಗೆಗಳನ್ನ ಸಮುದ್ರಕ್ಕೆ ಸುರಿಸಿದ್ವಿ ಅಂತ ಕಂಪನಿಯ ಸೈ ಬರ್ಗರ್ ಅವರೇ ಹೇಳಿದ್ರು. ಉಳಿದಿದ್ದು ಕಡಿಮೆ, ಬೇಕು ಅನ್ನೋರು ಬಹಳ. 2022ರಲ್ಲಿ ಅಂಥ ಒಂದು ಕಾರ್ಡ್ 1.26 ಕೋಟಿ ಡಾಲರ್‌ಗೆ ಹೋಯ್ತು. ನಮ್ಮ ಲೆಕ್ಕದಲ್ಲಿ ಸುಮಾರು 100 ಕೋಟಿ ರೂಪಾಯಿ. ಆ ಕಾರ್ಡಿನ ಮೂಲೆ ಕೂಡ ಸವೆದಿರಲಿಲ್ಲ. ಅಲ್ಲಿ ಕಾರ್ಡಿನ ಸ್ಥಿತಿಗೆ 1ರಿಂದ 10ರವರೆಗೆ ಅಂಕ ಕೊಡೋ ಕಂಪನಿಗಳೇ ಇದ್ದಾವೆ.

ನಮ್ಮ ಕಾರ್ಡ್? ರಬ್ಬರ್ ಬ್ಯಾಂಡ್ ಕಚ್ಚಿದ ಗುರುತು, ಮೂಲೆ ಮಡಚಿದ್ದು, ಅಂಡರ್‌ಟೇಕರ್‌ಗೆ ಪೆನ್ನಿನ ಮೀಸೆ. ಬೆಲೆ ಏರಬೇಕಂದ್ರೆ ನಾವು ಆಡಲೇಬಾರದಿತ್ತು. ಆದ್ರೆ ಆಡೋಕೆ ಅಂತಲೇ ತಂದಿದ್ದು!

ಈಗ ಆ ಎರಡು ಸಾವಿರದ ಮಾತು. ಹಳೇ ನಾಣ್ಯ, ನೋಟು ಕೊಳ್ತೀವಿ ಅಂತ ಫೀಸ್, ಕಮಿಷನ್ ಕೇಳೋರ ಬಗ್ಗೆ ರಿಸರ್ವ್ ಬ್ಯಾಂಕ್ 2021ರಲ್ಲೇ ಎಚ್ಚರಿಕೆ ಕೊಟ್ಟಿತ್ತು. ಕಾರ್ಡಿನ ಆಟವೂ ಅದೇ. ನಿಜವಾಗಿ ಕೊಳ್ಳೋನು ನಿಮಗೆ ದುಡ್ಡು ಕೊಡ್ತಾನೆ, ನಿಮ್ಮಿಂದ ಕೇಳಲ್ಲ. ಮೂಲೆಯ ಫೋಟೊ ಕೇಳ್ತಾನೆ, ಒಟಿಪಿ ಕೇಳಲ್ಲ.

ತಮ್ಮ ದುಡ್ಡು ಹಾಕಲಿಲ್ಲ. ಕಾಲೇಜ್ ಫೀಸನ್ನ ಎರಡು ಕಂತಿನಲ್ಲಿ ಕಟ್ಟಿದ. ನೀವು ಆಗಲೇ ಹಾಕಿದ್ರೆ ನಾಚಿಕೆ ಬ್ಯಾಡ, ತಡ ಮಾಡದೇ 1930ಕ್ಕೆ ಫೋನ್ ಮಾಡ್ರಿ.

ಕಾರ್ಡ್ ಮಾತ್ರ ಮಾರಬ್ಯಾಡ ಅಂದೀನಿ. ಜಾತ್ರೆಗೆ ಹೋದಾಗ ಒಂದು ಆಟ ಬಾಕಿ ಐತಿ. ತೂಕ ಅಂತ ಮೊದಲು ನಾನೇ ಕೂಗೋದು. ಸಿಗೋಣ್ರಿ.