ಕಿಮೋಥೆರಪಿಯಿಂದ ಮರೆವು ಬರುತ್ತದೆಯೇ? ಫಾರ್ವರ್ಡ್ ಮಾಡುವ ಮೊದಲು ಇದನ್ನು ಓದಿ

"ಕಿಮೋ ಹಾಕಿಸಿಕೊಂಡರೆ ತಲೆ ಕೆಡುತ್ತದೆ, ಎಲ್ಲ ಮರೆತುಹೋಗುತ್ತದೆ" ಎಂಬ ಮಾತಿನಲ್ಲಿ ಅರ್ಧ ಮಾತ್ರ ನಿಜವಿದೆ. ಅದನ್ನು ನಂಬಿ ಸ್ತನ ಕ್ಯಾನ್ಸರ್ ಚಿಕಿತ್ಸೆಯನ್ನು ನಡುವೆಯೇ ಬಿಟ್ಟರೆ ಜೀವಕ್ಕೇ ಕುತ್ತು.

ನಿಜ ಎಷ್ಟು?

ಕಿಮೋ ಪಡೆಯುವ ಹಲವರಲ್ಲಿ ನೆನಪು, ಏಕಾಗ್ರತೆ ಮತ್ತು ಯೋಚನೆಯ ವೇಗ ಸ್ವಲ್ಪ ಕುಗ್ಗುತ್ತದೆ. ಇದಕ್ಕೆ 'ಕಿಮೋ ಬ್ರೈನ್' ಎಂಬ ಹೆಸರೇ ಇದೆ. ಗೊತ್ತಿರುವ ಹೆಸರು ಬಾಯಿಗೆ ಬರುವುದಿಲ್ಲ. ಒಲೆ ಮೇಲೆ ಹಾಲಿಟ್ಟದ್ದು ಮರೆಯುತ್ತದೆ. ಚನ್ನಗಿರಿಯಲ್ಲಿ ಅಡಿಕೆ ಸುಲಿಯುವವರ ಕೂಲಿಯನ್ನು ಬಾಯಿಲೆಕ್ಕದಲ್ಲೇ ಹೇಳುತ್ತಿದ್ದವರು ಎರಡೆರಡು ಸಲ ಕೂಡಿ ನೋಡಬೇಕಾಗುತ್ತದೆ. ಹೊರಗಿನವರಿಗೆ ಇದು ಸಣ್ಣ ವಿಷಯ, ಮನೆ ನಡೆಸುವ ಹೆಣ್ಣುಮಗಳಿಗೆ ಅಲ್ಲ.

ಅಮೆರಿಕದ 581 ಸ್ತನ ಕ್ಯಾನ್ಸರ್ ರೋಗಿಗಳನ್ನು ಕ್ಯಾನ್ಸರ್ ಇಲ್ಲದ 364 ಮಂದಿಯೊಂದಿಗೆ ಹೋಲಿಸಿದ ಅಧ್ಯಯನವೊಂದು 2017ರಲ್ಲಿ 'ಜರ್ನಲ್ ಆಫ್ ಕ್ಲಿನಿಕಲ್ ಆಂಕಾಲಜಿ'ಯಲ್ಲಿ ಪ್ರಕಟವಾಯಿತು. ಕಿಮೋ ಮುಗಿದಾಗ ಸುಮಾರು ಶೇ 45ರಷ್ಟು ರೋಗಿಗಳು ಮೊದಲಿಗಿಂತ ಗಮನಾರ್ಹ ಕುಸಿತ ಹೇಳಿಕೊಂಡರು. ಉಳಿದವರಲ್ಲಿ ಇದು ಶೇ 10ರಷ್ಟು. ಆರು ತಿಂಗಳ ನಂತರ ರೋಗಿಗಳ ಪ್ರಮಾಣ ಸುಮಾರು ಶೇ 36ಕ್ಕೆ ಇಳಿದಿತ್ತು. ಅಂದರೆ ಎಲ್ಲರಿಗೂ ಆಗುವುದಿಲ್ಲ, ಆದವರಲ್ಲಿ ಬಹಳಷ್ಟು ಮಂದಿ ನಿಧಾನವಾಗಿ ಸುಧಾರಿಸುತ್ತಾರೆ. ಕೆಲವರಿಗೆ ವರ್ಷಗಟ್ಟಲೆ ಉಳಿಯುವುದೂ ಉಂಟು. ಆದರೆ ಇದು ಹುಚ್ಚಲ್ಲ, ಅಲ್ಝೈಮರ್ ಕಾಯಿಲೆಯೂ ಅಲ್ಲ.

ಔಷಧಿಯೊಂದೇ ಕಾರಣವೇ?

ಅಲ್ಲ. ರಕ್ತಹೀನತೆ, ಸುಸ್ತು, ಆತಂಕ, ಬೇಗ ನಿಂತುಹೋಗುವ ಮುಟ್ಟು ಎಲ್ಲವೂ ಸೇರುತ್ತವೆ. ಕಿಮೋ ಶುರುವಾಗುವ ಮೊದಲೇ ಕೆಲವರಲ್ಲಿ ಈ ತೊಂದರೆ ಕಂಡುಬಂದಿದೆ. ಜಗಳೂರು, ಹೊನ್ನಾಳಿ, ನ್ಯಾಮತಿಯಿಂದ ಬೆಂಗಳೂರಿನ ಕಿದ್ವಾಯಿ ಆಸ್ಪತ್ರೆಗೆ ರಾತ್ರಿ ಬಸ್ಸಿನಲ್ಲಿ ಹೋಗಿ ಬರುವವರಿಗೆ ನಿದ್ದೆಗೇಡು ಬೇರೆ!

ಏನು ಮಾಡಬಹುದು?

ಮರೆವನ್ನು ಮುಚ್ಚಿಡದೆ ವೈದ್ಯರಿಗೆ ಹೇಳಿ. ಹಿಮೋಗ್ಲೋಬಿನ್, ಥೈರಾಯ್ಡ್, ನಿದ್ದೆಯಂಥ ಸರಿಪಡಿಸಬಹುದಾದ ಕಾರಣಗಳಿದ್ದರೆ ಗೊತ್ತಾಗುತ್ತದೆ. ಮಾತ್ರೆಯ ಹೊತ್ತಿಗೆ ಮೊಬೈಲ್ ಅಲಾರಂ ಇಡಿ, ಉಳಿದದ್ದನ್ನು ಒಂದೇ ನೋಟ್‌ಬುಕ್‌ನಲ್ಲಿ ಬರೆಯಿರಿ. ವೈದ್ಯರು ಒಪ್ಪಿದರೆ ದಿನವೂ ನಡೆಯಿರಿ. ವ್ಯಾಯಾಮ, ಯೋಗದಿಂದ ಸುಸ್ತು ಕಡಿಮೆಯಾಗುತ್ತದೆ. ನೆನಪಿನ ಶಕ್ತಿಯ ಟಾನಿಕ್, ಗಿಡಮೂಲಿಕೆ ಪುಡಿಗಳನ್ನು ಕೇಳದೆ ತೆಗೆದುಕೊಳ್ಳಬೇಡಿ, ಕೆಲವು ಕಿಮೋ ಔಷಧಿಯ ಕೆಲಸಕ್ಕೇ ಅಡ್ಡಬರಬಹುದು. ಮನೆಯವರು "ನಿನಗೆ ಏನೂ ನೆನಪಿರಲ್ಲ" ಎನ್ನುವುದನ್ನು ಬಿಟ್ಟು, ಮಾತ್ರೆ ಮತ್ತು ಆಸ್ಪತ್ರೆ ಕಾಗದಗಳ ಜವಾಬ್ದಾರಿ ಹಂಚಿಕೊಳ್ಳಲಿ.

ಆದರೆ ಇದ್ದಕ್ಕಿದ್ದಂತೆ ಗೊಂದಲ, ಫಿಟ್ಸ್, ತೀವ್ರ ತಲೆನೋವು, ಒಂದು ಕಡೆ ಕೈಕಾಲು ಸೋಲುವುದು ಅಥವಾ 100.4 ಡಿಗ್ರಿ ಫ್ಯಾರನ್‌ಹೀಟ್ ದಾಟಿದ ಜ್ವರ ಕಂಡರೆ ಅದನ್ನು ಕಿಮೋ ಬ್ರೈನ್ ಎಂದುಕೊಂಡು ಕಾಯಬೇಡಿ. ಅದೇ ಹೊತ್ತಿಗೆ ಹತ್ತಿರದ ಆಸ್ಪತ್ರೆಗೆ ಹೋಗಿ, ಕಿಮೋ ನಡೆಯುತ್ತಿದೆ ಎಂದು ಮೊದಲೇ ತಿಳಿಸಿ.