ಅತ್ತಿ ಕಣಜ
ಅತ್ತಿ ಮರದ (ಫೈಕಸ್ ರೆಸಿಮೋಸ) ಪರಾಗಸ್ಪರ್ಶ ನಡೆಸುವ, ಅಗಾವೊನಿಡೀ ಕುಟುಂಬದ ಪುಟ್ಟ ಕೀಟ. ವೈಜ್ಞಾನಿಕ ನಾಮ ಸೆರಾಟೊಸೊಲೆನ್ ಫ್ಯುಸಿಸೆಪ್ಸ್. ಭಾರತ ಹಾಗೂ ಆಗ್ನೇಯ ಏಷ್ಯದಲ್ಲಿ ಅತ್ತಿ ಬೆಳೆಯುವೆಡೆ ಇದರ ವಾಸ.

ಅತ್ತಿಕಾಯಿ ಎಂಬುದು ಒಳಮುಖವಾಗಿ ಅರಳುವ ಅಸಂಖ್ಯ ಹೂಗಳ ಮುಚ್ಚಿದ ಗೊಂಚಲು. ಅದರ ತುದಿಯ ಕಿರುರಂಧ್ರದಲ್ಲಿ ಹೆಣ್ಣು ಕಣಜ ನುಸುಳುವಾಗ ರೆಕ್ಕೆಗಳು ಸಾಮಾನ್ಯವಾಗಿ ಹರಿದುಹೋಗುತ್ತವೆ. ತಾನು ಹುಟ್ಟಿದ ಕಾಯಿಯಿಂದ ತಂದ ಪರಾಗವನ್ನು ಹೂಗಳಿಗೆ ಸೋಕಿಸಿ, ಕೆಲವುಗಳ ಅಂಡಾಶಯದಲ್ಲಿ ಮೊಟ್ಟೆಯಿಟ್ಟು ಅದು ಅಲ್ಲೇ ಸಾಯುತ್ತದೆ. ಮೊಟ್ಟೆ ಪಡೆದ ಹೂ ಮರಿಹುಳುವಿಗೆ ಆಹಾರವಾಗುತ್ತದೆ. ಉಳಿದವುಗಳಲ್ಲಿ ಬೀಜ ಕಟ್ಟುತ್ತದೆ. ಮೊದಲು ಹೊರಬರುವ ರೆಕ್ಕೆಯಿಲ್ಲದ ಗಂಡುಗಳು ಹೆಣ್ಣುಗಳೊಡನೆ ಕೂಡಿ, ಕಾಯಿಯ ಗೋಡೆ ಕೊರೆದು ದಾರಿ ಮಾಡುತ್ತವೆ. ಆ ವೇಳೆಗೆ ಗಂಡುಹೂಗಳು ಮಾಗಿರುತ್ತವೆ. ಪರಾಗ ಹೊತ್ತ ಹೆಣ್ಣುಗಳು ತಮ್ಮ ಒಂದೆರಡು ದಿನದ ಆಯುಸ್ಸಿನಲ್ಲಿ, ಎಳೆಗಾಯಿ ಸೂಸುವ ವಾಸನೆಯ ಜಾಡು ಹಿಡಿದು ಇನ್ನೊಂದು ಮರ ಸೇರಬೇಕು. ಮರಗಳು ಬೇರೆಬೇರೆ ಕಾಲಕ್ಕೆ ಕಾಯಿ ಬಿಡುವುದರಿಂದಲೇ ಇದು ಸಾಧ್ಯ.

ಹಣ್ಣು ಬಿಡಿಸಿದಾಗ ಕಾಣುವ ಹುಳುಗಳು ಕೊಳೆತದ ಗುರುತಲ್ಲ, ಈ ವ್ಯವಹಾರದ ಶೇಷ. ಆದರೆ ಪರಾಗ ತಾರದೆ, ಹೊರಗಿನಿಂದ ಕಾಯಿಗೆ ಚುಚ್ಚಿ ಮೊಟ್ಟೆಯಿಡುವ ಬೇರೆ ಕಣಜಗಳೂ ಅಲ್ಲಿರುವುದುಂಟು. ಅತ್ತಿಹಣ್ಣು ಬಾವಲಿ, ಮಂಗ, ಮಂಗಟ್ಟೆಗಳಿಗೆ ಆಹಾರ. ತನಗೆ ಹೊಂದುವ ಕಣಜವಿಲ್ಲದ ನೆಲದಲ್ಲಿ ಅತ್ತಿ ಮೊಳೆಯುವ ಬೀಜ ಕಟ್ಟದು.