ಬ್ಯಾಟರಿ ಚಾರ್ಜರ್‌ನ ರೆಕ್ಟಿಫೈಯರ್: ಕಾರ್ಯವಿಧಾನ ಮತ್ತು ಶಾಖದ ಸಮಸ್ಯೆ

ಮನೆಗೆ ಪೂರೈಕೆಯಾಗುವ 230 ವೋಲ್ಟ್ ವಿದ್ಯುತ್ತು ಸೆಕೆಂಡಿಗೆ 50 ಆವರ್ತಗಳಲ್ಲಿ ದಿಕ್ಕು ಬದಲಿಸುತ್ತಿರುವ ಎಸಿ ಪ್ರವಾಹ. ಬ್ಯಾಟರಿಗೆ ಬೇಕಾದದ್ದು ಒಂದೇ ದಿಕ್ಕಿನಲ್ಲಿ ಹರಿಯುವ ಡಿಸಿ ಪ್ರವಾಹ. ಮೊದಲನೆಯದನ್ನು ಎರಡನೆಯದಾಗಿ ಪರಿವರ್ತಿಸುವ ಭಾಗವೇ ರೆಕ್ಟಿಫೈಯರ್. ಲಾರಿ, ಟ್ರ್ಯಾಕ್ಟರ್ ಹಾಗೂ ಯುಪಿಎಸ್ ಬ್ಯಾಟರಿಗಳಿಗೆ ಹತ್ತಾರು ಆಂಪಿಯರ್ ಹರಿಸುವ ಚಾರ್ಜರ್‌ಗಳಲ್ಲಿ ಈ ಭಾಗಕ್ಕೆ ಶಾಖವೇ ಪ್ರಮುಖ ಶತ್ರು.

ಕಾರ್ಯವಿಧಾನ

ಸಾಂಪ್ರದಾಯಿಕ ಚಾರ್ಜರ್‌ನಲ್ಲಿ ಮೊದಲು ಟ್ರಾನ್ಸ್‌ಫಾರ್ಮರ್ 230 ವೋಲ್ಟನ್ನು ಬ್ಯಾಟರಿಗೆ ಹೊಂದುವ ಮಟ್ಟಕ್ಕೆ ಇಳಿಸುತ್ತದೆ. ಅನಂತರದ ಹೊಣೆ ಡಯೋಡ್‌ಗಳದು. ಸಿಲಿಕಾನ್‌ನಿಂದ ತಯಾರಾದ ಡಯೋಡ್ ವಿದ್ಯುತ್ತನ್ನು ಒಂದೇ ದಿಕ್ಕಿನಲ್ಲಿ ಹರಿಯಗೊಡುತ್ತದೆ. ಸೇತುವೆಯಂತೆ ಜೋಡಿಸಿದ ನಾಲ್ಕು ಡಯೋಡ್‌ಗಳು ಪ್ರತಿ ಅರ್ಧ ಆವರ್ತದಲ್ಲಿ ಎರಡೆರಡಾಗಿ ಸರದಿಯಂತೆ ಕೆಲಸ ಮಾಡಿ, ಸೆಕೆಂಡಿಗೆ 100 ಮಿಡಿತಗಳ ಏಕಮುಖ ಪ್ರವಾಹವನ್ನು ನೀಡುತ್ತವೆ. ವಿದ್ಯುತ್ ಕಡಿತವಾದಾಗ ಬ್ಯಾಟರಿಯ ವಿದ್ಯುತ್ತು ಟ್ರಾನ್ಸ್‌ಫಾರ್ಮರಿನತ್ತ ಹಿಂದಿರುಗದಂತೆ ತಡೆಯುವುದೂ ಇವೇ.

ಶಾಖದ ಲೆಕ್ಕ

ವಿದ್ಯುತ್ತು ಹಾದುಹೋಗುವಾಗ ಪ್ರತಿ ಡಯೋಡ್‌ನಲ್ಲಿ ಸುಮಾರು 1 ವೋಲ್ಟ್ ನಷ್ಟವಾಗುತ್ತದೆ. ಸೇತುವೆಯಲ್ಲಿ ಏಕಕಾಲಕ್ಕೆ ಎರಡು ಡಯೋಡ್‌ಗಳು ಕೆಲಸ ಮಾಡುವುದರಿಂದ ಒಟ್ಟು ನಷ್ಟ 2 ವೋಲ್ಟ್. ಪ್ರವಾಹ 1 ಆಂಪಿಯರ್ ಇದ್ದಾಗ ಉಂಟಾಗುವ ಶಾಖ ಕೇವಲ 2 ವಾಟ್. 50 ಆಂಪಿಯರ್ ಇದ್ದಾಗ 100 ವಾಟ್. ಅಂದರೆ 12 ವೋಲ್ಟ್ ಬ್ಯಾಟರಿಗೆ ಸುಮಾರು 14 ವೋಲ್ಟ್‌ನಲ್ಲಿ 700 ವಾಟ್ ತಲುಪಿಸುವಾಗ ಇನ್ನೂ 100 ವಾಟ್ ರೆಕ್ಟಿಫೈಯರ್‌ನಲ್ಲೇ ವ್ಯರ್ಥವಾಗುತ್ತದೆ. ಆದ್ದರಿಂದಲೇ ಡಯೋಡ್‌ಗಳನ್ನು ಅಲ್ಯೂಮಿನಿಯಂ ರೆಕ್ಕೆಗಳ ಹೀಟ್‌ಸಿಂಕ್‌ಗೆ ಬಿಗಿದು, ಫ್ಯಾನ್ ಅಳವಡಿಸಲಾಗುತ್ತದೆ.

ಷಾಟ್ಕಿ ಡಯೋಡ್‌ನಲ್ಲಿ ನಷ್ಟ ಸುಮಾರು ಅರ್ಧ ವೋಲ್ಟ್. ಇನ್ನೂ ಸುಧಾರಿತ ಚಾರ್ಜರ್‌ಗಳಲ್ಲಿ ಡಯೋಡ್‌ನ ಬದಲು ಮಾಸ್‌ಫೆಟ್‌ಗಳನ್ನು ಬಳಸಿ ಈ ನಷ್ಟವನ್ನು ಮತ್ತಷ್ಟು ತಗ್ಗಿಸಲಾಗುತ್ತದೆ. ದೊಡ್ಡ ಕೈಗಾರಿಕಾ ಚಾರ್ಜರ್‌ಗಳಲ್ಲಿ ಥೈರಿಸ್ಟರ್‌ಗಳ ಬಳಕೆ ಹೆಚ್ಚು. ಪ್ರತಿ ಅರ್ಧ ಆವರ್ತದಲ್ಲಿ ಇವು ಯಾವ ಕ್ಷಣದಲ್ಲಿ ತೆರೆದುಕೊಳ್ಳಬೇಕೆಂಬುದನ್ನು ನಿರ್ಧರಿಸಿ ಪ್ರವಾಹವನ್ನು ನಿಯಂತ್ರಿಸಬಹುದು.

ಕೆಟ್ಟರೆ ಏನಾಗುತ್ತದೆ?

ಸೇತುವೆಯ ಒಂದು ಡಯೋಡ್ ಕಡಿದುಹೋದರೆ ಅರ್ಧದಷ್ಟು ಮಿಡಿತಗಳು ನಿಂತು, ಬ್ಯಾಟರಿ ಪೂರ್ಣ ಚಾರ್ಜ್ ಆಗುವುದಿಲ್ಲ. ಡಯೋಡ್ ಶಾರ್ಟ್ ಆದರೆ ಫ್ಯೂಸ್ ಹಾರಬೇಕು. ಹಾರದಿದ್ದರೆ ಟ್ರಾನ್ಸ್‌ಫಾರ್ಮರಿನ ಸುರುಳಿಯೇ ಸುಟ್ಟುಹೋಗಬಹುದು. ನಿಯಂತ್ರಣ ತಪ್ಪಿದ ಚಾರ್ಜರ್ ಇದಕ್ಕಿಂತ ಅಪಾಯಕಾರಿ. ಮಿತಿಮೀರಿ ಚಾರ್ಜ್ ಆಗುವ ಸೀಸ-ಆಮ್ಲ ಬ್ಯಾಟರಿಯಿಂದ ಹೈಡ್ರೋಜನ್ ಅನಿಲ ಹೊರಬರುತ್ತದೆ. ಮುಚ್ಚಿದ ಕೋಣೆಯಲ್ಲಿ ಅದು ಶೇಖರವಾದರೆ ಸ್ಫೋಟಕ್ಕೆ ಒಂದು ಕಿಡಿ ಸಾಕು.

ಹೀಟ್‌ಸಿಂಕ್‌ನ ಧೂಳು ತೆಗೆಯುವುದು, ಚಾರ್ಜರ್‌ನ ಗಾಳಿಕಿಂಡಿಗಳನ್ನು ಮುಚ್ಚದಿರುವುದು, ಸೂಚಿಸಿದ ಅಳತೆಯ ಫ್ಯೂಸನ್ನೇ ಬಳಸುವುದು ಹಾಗೂ ಗಾಳಿಯಾಡುವ ಸ್ಥಳದಲ್ಲಿ ಚಾರ್ಜ್ ಮಾಡುವುದು ಬಳಕೆದಾರರು ಪಾಲಿಸಬೇಕಾದ ಮುಖ್ಯ ಕ್ರಮಗಳು.